ಮರ ಹತ್ತಿದ ಕೋಚ್

ರಗ್ಬಿ ಸೆಮಿಫೈನಲ್‌ನಲ್ಲಿ ಹಾಗೆನ್ ಊರಿನ ತಂಡದವನೊಬ್ಬ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನಮ್ಮ ಗೆರೆಯತ್ತ ಓಡುತ್ತಿದ್ದ. ಹಿಡಿಯಲು ನಮ್ಮವರು ಯಾರೂ ಹತ್ತಿರವಿರಲಿಲ್ಲ. ಅಷ್ಟರಲ್ಲಿ ಮೈದಾನದ ಅಂಚಿನಿಂದ ನುಗ್ಗಿ ಅವನನ್ನು ನೆಲಕ್ಕೆ ಕೆಡವಿದ್ದು ನಮ್ಮ ಕೋಚ್ ಕೌಪಾ! ನಲವತ್ತು ದಾಟಿದ ಮನುಷ್ಯ, ಕಾಲಲ್ಲಿ ಚಪ್ಪಲಿ ಬೇರೆ.

"ನಾನಲ್ಲ ಸ್ವಾಮಿ, ಕಾಲು ಓಡಿದ್ದು" ಎಂದು ರೆಫರಿಗೆ ಹೇಳಿದ.

ನಾವು ಹೇಗೋ ಗೆದ್ದೆವು. ಆದರೆ ಫೈನಲ್ ದಿನ ಕೌಪಾ ಮೈದಾನದೊಳಗೆ ಕಾಲಿಡಕೂಡದೆಂದು ಸಮಿತಿ ಅಪ್ಪಣೆ ಮಾಡಿತು.

ನಮ್ಮೂರು ಕುಂಡಿಯಾವಾದಲ್ಲಿ ವಿಮಾನ ಇಳಿಯುವ ಪಟ್ಟಿಯ ಮೇಲೆ ಬರಿಗಾಲಲ್ಲಿ ರಗ್ಬಿ ಲೀಗ್ ಕಲಿತು, ದೇಶದ ತಂಡದ ಅಂಗಿ ತೊಟ್ಟು, ಹೊರದೇಶದ ಕ್ವೀನ್ಸ್‌ಲ್ಯಾಂಡ್‌ನಲ್ಲೂ ಆಡಿ ಬಂದವನು ಅವನು. ಮೊಣಕಾಲು ಮುರಿದ ಮೇಲೆ ಊರಿಗೆ ಮರಳಿ, ಕಾಫಿ ತೋಟದ ಕೆಲಸದ ನಡುವೆ ನಮ್ಮನ್ನು ತಿದ್ದತೊಡಗಿದ್ದ. ಆಟ ಬಿಟ್ಟು ವರ್ಷಗಳಾಗಿದ್ದರೂ ಆಟ ಅವನನ್ನು ಬಿಟ್ಟಿರಲಿಲ್ಲ.

ಫೈನಲ್ ನಡೆದದ್ದು ಗೊರೊಕಾದಲ್ಲಿ, ಗೊರೊಕಾದವರ ಮೇಲೆಯೇ. ಬೇಲಿಯಾಚೆಯ ಸರ್ವೆಮರಗಳ ತುಂಬ ಅವರದೇ ಜನ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ಮರದಿಂದ ನಮ್ಮ ಕುಮಾನ್ ಭಾಷೆಯ ಮಾತು ಕೇಳಿತು.

"ಸಿಯುನೆ! ಏಯ್ ಕತ್ತೆ! ಎಡಕ್ಕೆ ನೋಡೋ!"

ಸಿಯುನೆ ಎಂದರೆ ನಾನೇ. ತಿರುಗಿ ನೋಡಿದರೆ ಕೌಪಾ ಗೊರೊಕಾ ಅಭಿಮಾನಿಗಳ ನಡುವೆ ಕೊಂಬೆ ತಬ್ಬಿ ಕೂತಿದ್ದಾನೆ!

"ಯಾರೋ ಇವ್ನು? ಬಾಯಿ ಮುಚ್ಸ್ರೋ!" ಎಂದು ಒಬ್ಬ ಅವನ ಕಾಲು ಹಿಡಿದು ಎಳೆದ.

ಕೆಳಗೆ ನಿಂತಿದ್ದ ಅವನ ಹೆಂಡತಿ ಆಗ್ನೆಸ್ ಕೊಡೆ ಎತ್ತಿದಳು. "ನನ್ ಗಂಡನ್ನ ಮುಟ್ಟಿದ್ರೆ ನೋಡು, ನೀನೂ ಇಳೀಲೇಬೇಕಲ್ಲ!" ಕಾಲೆಳೆದ ಕೈ ಸಡಿಲವಾಯಿತು.

ಕೊನೆಯ ನಿಮಿಷ. ನಮಗೆ ಹದಿನಾಲ್ಕು, ಅವರಿಗೆ ಹದಿನಾರು. ಐದು ಸಲ ನಮ್ಮನ್ನು ಕೆಡವಿಯಾಗಿತ್ತು. ಆರನೆಯ ಸಲ ಕೆಡವಿದರೆ ಚೆಂಡು ಅವರ ಪಾಲು. ಎಲ್ಲೆಡೆ ಗೋಡೆಯಂತೆ ಅವರೇ. ನನಗೆ ಸಂದೇ ಕಾಣಲಿಲ್ಲ.

"ಬಲಗಡೆ ಮೂಲೆ ಖಾಲಿ ಕಣೋ! ಒದಿ! ಯೋಚ್ನೆ ಮಾಡ್ಬೇಡ, ಒದಿ!"

ಒದ್ದೆ. ಚೆಂಡು ಅವರ ತಲೆಗಳನ್ನು ದಾಟಿ ಮೂಲೆಯಲ್ಲಿ ಪುಟಿಯಿತು. ನಮ್ಮ ಗಾಂಡೆ ಬಾಣದಂತೆ ಓಡಿ, ಹೊಟ್ಟೆಯ ಮೇಲೆ ಜಾರಿ, ಗೆರೆಯಾಚೆ ಅದನ್ನು ನೆಲಕ್ಕೊತ್ತಿದ. ಟ್ರೈ! ನಾಲ್ಕು ಅಂಕ, ಗೆಲುವು ನಮ್ಮದು!

ಮರದ ಮೇಲೆ ಕೌಪಾ ಎರಡೂ ಕೈ ಎತ್ತಿಬಿಟ್ಟ. ಮರುಕ್ಷಣ ಧೊಪ್ಪೆಂದು ಕೆಳಗಿದ್ದ. ನಾವು ಬೇಲಿ ಹಾರಿ ಓಡಿದೆವು. ಮಣಿಕಟ್ಟು ಮುರಿದಿತ್ತು, ನಗು ಮಾತ್ರ ನಿಂತಿರಲಿಲ್ಲ.

"ಮೇಲಿಂದ ಏನ್ ಚೆಂದ ಕಾಣತ್ತೋ ಮಾರಾಯ! ಇಷ್ಟು ವರ್ಷ ಗೆರೆ ಪಕ್ಕ ನಿಂತು ಬರೀ ಬೆನ್ನು ನೋಡ್ತಿದ್ದೆ!"

"ಎದ್ದೇಳಿ ಮೊದ್ಲು, ಆಸ್ಪತ್ರೆಗೆ ಹೋಗೋಣ" ಎಂದಳು ಆಗ್ನೆಸ್.

"ತಾಳೇ, ಕಪ್ ಎತ್ತೋದ್ ನೋಡ್ಬೇಕು." ಅವನು ಒಳಗೆ ಬರುವಂತಿರಲಿಲ್ಲ. ನಾವೇ ಕಪ್ಪನ್ನು ಬೇಲಿಯಾಚೆಗೆ ದಾಟಿಸಿದೆವು.