ಕೃಪಾಳ ಸರದಿ

ಉದಯ್‌ನ ಮನೆಯಲ್ಲಿ ದೊಡ್ಡ ವಿಷಯಗಳ ತೀರ್ಮಾನಕ್ಕೆ ಅವನ ತಂದೆಯ ಕಾಲದಿಂದಲೂ ಒಂದು ಕ್ರಮವಿತ್ತು. ಎಲ್ಲರೂ ಕೂತು, ಹಿರಿಯರಿಂದ ಶುರುಮಾಡಿ ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳಬೇಕು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಉದಯ್‌ನ ಹೆಂಡತಿ, ಕಿರಿಸೊಸೆ ಕೃಪಾಳದು ಕೊನೆಯ ಸರದಿ. ಅದು ಬರುವ ಹೊತ್ತಿಗೆ ಮಾತೇ ಮುಗಿದಿರುತ್ತಿತ್ತು.

ಸಂಕ್ರಾಂತಿ ಕಳೆದ ಭಾನುವಾರ ವಿಡಿಯೊ ಕಾಲ್‌ನಲ್ಲಿ ಸೇರಿದಾಗ ವಿಷಯ ಅತ್ತೆ ಸುಲೋಚನಮ್ಮನದೇ. ಹಾಗಾಗಿ ಅವರನ್ನು ಬಿಟ್ಟು, ವಿಜಯವಾಡದಿಂದ ಭಾವ ಇಂದುಧರ ಶುರುಮಾಡಿದರು. ಅಮ್ಮನಿಗೆ ಕಣ್ಣು ಪೂರ್ತಿ ಮಂಜಾಗಿದೆ. ಉದಯ್, ಕೃಪಾ ಇಬ್ಬರೂ ದ್ವಾರಕಾ ನಗರದ ಬ್ಯಾಂಕಿಗೆ ಹೊರಟರೆ ಮಧುರವಾಡದ ಮನೆಯಲ್ಲಿ ಇಡೀ ದಿನ ಒಬ್ಬರೇ. ಇಲ್ಲಿಗೆ ಕರೆತಂದರೆ ತನ್ನ ಹೆಂಡತಿ ಮಂಗಳಾಗೌರಿ ಮನೆಯಲ್ಲೇ ಇರುತ್ತಾಳೆ. ಮಂಗಳಾಗೌರಿ ಹೂಂ ಎಂದಳು. ಉದಯ್ ಕೂಡ ಹೂಂ ಎಂದ.

ಯಾವುದೂ ತಪ್ಪು ಮಾತಲ್ಲ. ಆದರೆ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಕೃಪಾಳಿಗೆ ಗೊತ್ತಿತ್ತು. ಅತ್ತೆ ಈ ಮನೆಯನ್ನು ಕೈಯಿಂದ ನೋಡುತ್ತಿದ್ದರು. ಮಂಚದಿಂದ ಎದ್ದು ಗೋಡೆ ಸವರುತ್ತಾ ಹೋಗಿ ತಾವೇ ಕಾಫಿ ಬೆರೆಸಿಕೊಳ್ಳುತ್ತಿದ್ದರು. ಚಪ್ಪಲಿಯ ಸದ್ದಿನಲ್ಲೇ ಎದುರುಮನೆಯ ಮಾಧವೀಲತಾಳ ಗುರುತು ಹಿಡಿಯುತ್ತಿದ್ದರು. ಬೇರೆ ಮನೆಯಲ್ಲಿ ಅವರು ನಿಜವಾಗಿ ಕುರುಡರಾಗುತ್ತಾರೆ.

ಮೂವರೂ ಒಪ್ಪಿಯಾಗಿದೆ. ಈಗ ಬೇಡವೆಂದರೆ ಓರಗಿತ್ತಿಯನ್ನು ನಂಬಲಿಲ್ಲ ಎಂದಂತಾಗುತ್ತದೆ. ಕೃಪಾ ಗಂಟಲು ಸರಿಮಾಡಿಕೊಂಡು, ತನಗೂ ಅದೇ ಸರಿ ಕಾಣುತ್ತದೆ ಎಂದಳು. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆಯ ಕೈ ಒಂದು ಕ್ಷಣ ನಿಂತು, ಮತ್ತೆ ಸುಲಿಯತೊಡಗಿತು.

ವಿಜಯವಾಡಕ್ಕೆ ಹೋದ ಹತ್ತೊಂಬತ್ತನೆಯ ದಿನ ಬೆಳಿಗ್ಗೆ, ಬಚ್ಚಲಮನೆಯ ಮೆಟ್ಟಿಲು ತಿಳಿಯದೆ ಅತ್ತೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಶನ್ ತಡೆದುಕೊಳ್ಳುವ ಶಕ್ತಿ ಹೃದಯಕ್ಕಿಲ್ಲ, ಇನ್ನು ಓಡಾಡುವುದು ಕಷ್ಟ ಎಂದು ಡಾಕ್ಟರು ಹೇಳಿದರು.

ಆ ವಾರ ಎಲ್ಲರೂ ವಿಜಯವಾಡದಲ್ಲಿ ಅತ್ತೆಯ ಮಂಚದ ಸುತ್ತ ಕೂತರು. ಇಲ್ಲೇ ಇರಲಿ ಎಂದು ಭಾವ ಶುರುಮಾಡುವ ಮೊದಲೇ ಕೃಪಾ ಬಾಯಿ ತೆರೆದಳು. ಅತ್ತೆಯನ್ನು ತಾನು ಕರೆದುಕೊಂಡು ಹೋಗುವುದಾಗಿ ಹೇಳಿ, ಅವತ್ತು ನುಂಗಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ಇಂದುಧರ ತಲೆಯೆತ್ತಿ ಅವಳನ್ನು ನೋಡಿದರು. "ಅವತ್ತೇ ಹೇಳಿದ್ರೆ ಯಾರು ಬೇಡ ಅಂತಿದ್ರಮ್ಮ? ಅಮ್ಮನ್ನ ನೋಡ್ಕೊಂಡು ನಿಂಗೆ ಸುಸ್ತಾಗಿದೆ, ಬಾಯಿಬಿಟ್ಟು ಹೇಳ್ತಿಲ್ಲ ಅಂದ್ಕೊಂಡು ನಾನೇ ಮಾತು ತೆಗೆದಿದ್ದು."

"ನಂಗೂ ಭಯಾನೇ ಇತ್ತು ಕಣೆ," ಎಂದಳು ಮಂಗಳಾಗೌರಿ. "ಇವ್ರು ಹೇಳಿದ್ಮೇಲೆ ಆಗಲ್ಲ ಅಂತ ಹೇಗನ್ನಲಿ?"

ಉದಯ್ ಕಿಟಕಿಯ ಕಡೆ ತಿರುಗಿದ.

ಕೃಪಾ ಅತ್ತೆಯ ಪಕ್ಕ ಬಗ್ಗಿದಳು. "ನೀವು ಹೇಳಿ ಅತ್ತೆ. ನಿಮಗೆ ಎಲ್ಲಿರ್ಬೇಕು ಅನ್ಸತ್ತೆ?"

ಸುಲೋಚನಮ್ಮ ಧ್ವನಿ ಬಂದ ಕಡೆ ಮುಖ ತಿರುಗಿಸಿದರು.

"ಈಗ ಯಾವ ಮನೆಯಾದ್ರೂ ನಂಗೆ ಈ ಮಂಚಾನೇ ಅಲ್ವೇನಮ್ಮ," ಎಂದರು.