ಬಿಸಿಲಿನ ಕುರ್ಚಿ

ಆ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಲೋಕದ ಗತಿಯನ್ನೇ ನಿರ್ಧರಿಸುವಂಥ ಪ್ರಶ್ನೆಯೊಂದಿತ್ತು: ಕಿಟಕಿ ಪಕ್ಕದ ಕುರ್ಚಿ ಯಾರದು? ಬಿಸಿಲು ಬೀಳುತ್ತಿದ್ದುದು ಅದರ ಮೇಲೆ ಮಾತ್ರ. ಕುರ್ಚಿ ದೊಡ್ಡವರದು, ಅಂದರೆ ಮುಖ್ಯಸ್ಥರದು. ಅವರಿಲ್ಲದಾಗ ಅವರ ಒದ್ದೆ ಕಾಲುಚೀಲಗಳದು. ಡಿ ವಿಟಮಿನ್ನಿನ ಮೇಲೆ ಸಂಶೋಧನೆ ನಡೆಯುವ ಆ ಜಾಗದಲ್ಲಿ ಮೈತುಂಬ ಬಿಸಿಲುಂಡದ್ದು ಕಾಲುಚೀಲಗಳೇ. ಆ ನಾತಕ್ಕೆ ಚಿಕ್ಕಮ್ಮ ಮೂಗು ಮುಚ್ಚಿಕೊಂಡೇ ಕೆಲಸ ಮಾಡುತ್ತಿದ್ದಳು.

ಚಿಕ್ಕಮ್ಮ ಅಲ್ಲಿನ ಸಂಶೋಧಕಿ. ಎಲ್ಲರೂ ಕರೆಯುತ್ತಿದ್ದುದು ಹಾಗೆ. ಈಗಿನ ಸಂಶೋಧನೆಯ ಪ್ರಬಂಧದಲ್ಲಿ ಮೊದಲ ಹೆಸರು ಅವಳದೆಂದು ದೊಡ್ಡವರು ಮಾತು ಕೊಟ್ಟಿದ್ದರು. ಅದು ಬಂದರೆ ಮೇಲ್ಮಹಡಿಯಲ್ಲಿ ಕಾಯಂ ಕೆಲಸ. ವಿಟಮಿನ್ನನ್ನು ಜೀವಕೋಶದೊಳಗೆ ಬರಮಾಡಿಕೊಳ್ಳುವ ಗ್ರಾಹಕವೊಂದಿದೆ. ಅದರ ಜೀನ್‌ನಲ್ಲಿ ಕೆಲವರಿಗೆ ಒಂದಕ್ಷರ ಬೇರೆ. ಅಂಥವರಿಗೆ ಮೂಳೆರೋಗ ಹೆಚ್ಚೇ? ರೋಗಿಗಳ ರಕ್ತ ಆಸ್ಪತ್ರೆಯಿಂದ ಬಂತು. ಹೋಲಿಕೆಗೆಂದು ಆರೋಗ್ಯವಂತರ ಲೆಕ್ಕದಲ್ಲಿ ರಕ್ತ ಕೊಡಲು ಯಾರೂ ಬಾರದೆ ಸಿಬ್ಬಂದಿಯೇ ತೋಳು ಚಾಚಿದರು.

"ಎರಡೂ ಗುಂಪಲ್ಲಿ ಆ ಅಕ್ಷರ ಒಂದೇ ಸಮ ಬಂದಿದೆ ಸರ್," ಚಿಕ್ಕಮ್ಮ ಲೆಕ್ಕ ಒಪ್ಪಿಸಿದಳು. " ಅಕ್ಷರದ ಮೇಲೆ ತಪ್ಪು ಹೊರಿಸೋಕಾಗಲ್ಲ."

ದೊಡ್ಡವರು ಪಿಪೆಟ್ಟಿನ ತುದಿಯಿಂದ ಕಿವಿ ಕೆದಕಿ, ಬಂದದ್ದನ್ನು ಬೆರಳಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. "ನಿಂಗೂ ಆ ಅಕ್ಷರ ಇದೆಯಲ್ಲಮ್ಮ. ಮಂಡಿ ನೋವಿದೆಯಾ?"

"ಈ ಗುಹೇಲಿ ಕೂತ್ರೆ ಯಾರಿಗಿರಲ್ಲ?"

"ಮತ್ತೆ ನೀನೆಲ್ಲಿ ಆರೋಗ್ಯವಂತೆ? ರೋಗಿಗಳ ಗುಂಪಿಗೆ ಹಾಕು!"

ಆ ಅಕ್ಷರವಿದ್ದ ಒಬ್ಬೊಬ್ಬರನ್ನೂ ಕರೆದು ಮಂಡಿಯ ಯೋಗಕ್ಷೇಮ ಕೇಳಿದರು. ನೋವೆಂದವರೆಲ್ಲ ನಿಂತ ನಿಲುವಿನಲ್ಲೇ ರೋಗಿಗಳಾದರು. ಆ ಅಕ್ಷರವಿಲ್ಲದ ಸಹಾಯಕ ಉದ್ದಣ್ಣ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತ ಎದ್ದ.

"ಸರ್, ನನ್ನ ಮಂಡಿ?"

"ನೀನು ಗುಂಡುಕಲ್ಲು ಕಣಯ್ಯ. ಕೂತ್ಕೋ."

"ಕೂತ್ರೆ ಏಳೋಕಾಗಲ್ಲ ಸರ್, ಅದನ್ನೇ ಹೇಳ್ತಿರೋದು."

ಚಿಕ್ಕಮ್ಮ ಮೂಗಿನ ಮೇಲಿನ ಕೈ ತೆಗೆದಳು. "ಕೇಳೋದಾದ್ರೆ ಎಲ್ಲರನ್ನೂ ಕೇಳಿ ಸರ್. ಇಲ್ಲಾಂದ್ರೆ ಯಾರನ್ನೂ ಕೇಳ್ಬೇಡಿ. ಅಕ್ಷರ ಇರೋರನ್ನಷ್ಟೇ ರೋಗಿಗಳು ಮಾಡೋದು ಅಂದ್ರೆ ಉತ್ತರ ಬರೆದಿಟ್ಕೊಂಡು ಲೆಕ್ಕ ಮಾಡಿದ ಹಾಗೆ."

"ಹೆಸರು ಬೇಕೋ ಬೇಡ್ವೋ?" ದೊಡ್ಡವರು ಅದೇ ಬೆರಳಿನಿಂದ ಕಂಪ್ಯೂಟರ್ ಪರದೆಯ ಮೇಲೆ, ಪ್ರಬಂಧದ ತಲೆಯಲ್ಲಿದ್ದ ಅವಳ ಹೆಸರನ್ನು ತೋರಿಸಿದರು. ಹೆಸರಿನ ಮೇಲೆ ಹಳದಿ ಕಲೆ ಕೂತಿತು.

"ಅಳಿಸ್ಬಿಡಿ ಸರ್."

"ಏನು, ಕಲೆನಾ?"

"ಹೆಸರನ್ನ."

ಪ್ರಬಂಧ ಅಚ್ಚಾಯಿತು. ಲೇಖಕರ ಸಾಲಿನಲ್ಲಿ ಚಿಕ್ಕಮ್ಮ ಇಲ್ಲ. ರೋಗಿಗಳ ಲೆಕ್ಕದಲ್ಲಿ ಇದ್ದಾಳೆ.