ಗ್ಯಾಲರಿಗೆ ಬಂದ ರಾಷ್ಟ್ರಾಧ್ಯಕ್ಷೆ

ರಾಷ್ಟ್ರಾಧ್ಯಕ್ಷರ ಶಕ್ತಿಯೆಲ್ಲ ಅವರು ಸಹಿ ಹಾಕದೆ ಹಿಂದಿರುಗಿಸಿದ ಮಸೂದೆಗಳಲ್ಲಿದೆ ಎಂದು ನಂಬಿ ಆ ವಿದ್ಯಾರ್ಥಿನಿ ಪಿಎಚ್‌ಡಿ ಸಂಶೋಧನೆಗೆ ಇಳಿದಿದ್ದಳು. ಅಂಥವು ಸಿಕ್ಕಿದ್ದು ಬೆರಳೆಣಿಕೆಯಷ್ಟು. “ಏನಮ್ಮಾ, ಬೆಟ್ಟ ಅಗೆದು ಇಲಿ ಹಿಡಿದ್ಯಾ?” ಎಂದು ಅಣ್ಣ ಛೇಡಿಸುತ್ತಿದ್ದ.

ಒಂದು ಮಧ್ಯಾಹ್ನ ಅವಳು ಸಂಸತ್ತಿನ ಗ್ಯಾಲರಿಯಲ್ಲಿ ಕುಳಿತಿದ್ದಳು. ಪತ್ರಕರ್ತರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶ ಕೊಡುವ ಕಲಮೊಂದನ್ನು ಮಸೂದೆಗೆ ಸೇರಿಸಲು ಆಡಳಿತ ಪಕ್ಷದವರು ಕೆಳಗೆ ಮೇಜು ಕುಟ್ಟುತ್ತಿದ್ದರು. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ರಾಷ್ಟ್ರಾಧ್ಯಕ್ಷೆ ಬಂದರು. ಚರ್ಚೆ ಕೇಳಲು ಅವರು ಹಿಂದೆಂದೂ ಬಂದವರಲ್ಲ. ಮುಂದಿನ ಸಾಲಿನಲ್ಲಿ ಕುಳಿತು, ಕನ್ನಡಕ ಒರೆಸಿ ಹಾಕಿಕೊಂಡು, ಸುಮ್ಮನೆ ಕೆಳಗೆ ನೋಡಿದರು.

ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಗದ್ದಲ ಇಳಿಯಿತು. ಒಬ್ಬೊಬ್ಬರೇ ತಲೆಯೆತ್ತಿದರು. ಕಾನೂನು ಮಂತ್ರಿ ಗಂಟಲು ಸರಿಪಡಿಸಿಕೊಂಡರು.

“ಆ ಕಲಂ... ಅದನ್ನ ವಾಪಸ್ ತಗೋತೀವಿ.”

ರಾಷ್ಟ್ರಾಧ್ಯಕ್ಷೆ ಏನನ್ನೂ ತಿರಸ್ಕರಿಸಿರಲಿಲ್ಲ, ಒಂದು ಮಾತೂ ಆಡಿರಲಿಲ್ಲ, ಆದರೂ ಮಸೂದೆ ಅವಳ ಕಣ್ಣೆದುರೇ ಬದಲಾಗಿತ್ತು. ರಾಷ್ಟ್ರಾಧ್ಯಕ್ಷೆ ಹೊರಟಾಗ ಅವಳು ತನಗರಿವಿಲ್ಲದೆಯೇ ಎದ್ದು ನಿಂತಿದ್ದಳು. ಮನೆಗೆ ಹೋದವಳೇ ಪ್ರಬಂಧದ ಮೊದಲ ಅಧ್ಯಾಯವನ್ನು ಹೊಸದಾಗಿ ಬರೆಯಲು ಕುಳಿತಳು.